ಎ ಸ್ಟೆಪ್ ಇನ್‌ಟು ದಿ ಪಾಸ್ಟ್

ಹಾಂಗ್‌ಕಾಂಗಿನ ಟಿವಿಬಿ ಸಂಸ್ಥೆ 2001ರ ಕೊನೆಯ ತಿಂಗಳುಗಳಲ್ಲಿ ಪ್ರಸಾರ ಮಾಡಿದ 40 ಕಂತುಗಳ ಕ್ಯಾಂಟನೀಸ್ ಧಾರಾವಾಹಿ. ಚೀನೀ ಹೆಸರು 'ಶುನ್ ಚಿನ್ ಜಿ'. ಇಂದಿನ ಹಾಂಗ್‌ಕಾಂಗಿನ ಪೊಲೀಸ್ ಅಧಿಕಾರಿಯೊಬ್ಬ ಕಾಲಯಂತ್ರದಲ್ಲಿ ಕ್ರಿ.ಪೂ. ಮೂರನೆಯ ಶತಮಾನದ ಚೀನಾಕ್ಕೆ ಹೋಗಿ, ಅಲ್ಲಿನ ಮೊದಲ ಚಕ್ರವರ್ತಿಯ ಉದಯಕ್ಕೆ ತಾನೇ ಕಾರಣನಾಗುವುದು ಇದರ ವಸ್ತು. ಚೀನೀ ಕಾಲಯಾನ ಧಾರಾವಾಹಿಗಳ ಪರಂಪರೆಯಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ.

ಮೂಲ ಕೃತಿ: ಧಾರಾವಾಹಿಗೆ ಆಧಾರ ಹುವಾಂಗ್ ಯಿ (1952-2017) 1990ರ ದಶಕದಲ್ಲಿ ಬರೆದ, ಅನೇಕ ಸಂಪುಟಗಳ ಅದೇ ಹೆಸರಿನ ಕಾದಂಬರಿ. ಹಾಂಗ್‌ಕಾಂಗಿನ ಚೀನೀ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿತು ಕಲಾ ವಸ್ತುಸಂಗ್ರಹಾಲಯದಲ್ಲಿ ದುಡಿದ ಹುವಾಂಗ್, ಕೆಲಸ ಬಿಟ್ಟು ಲಾಂಟಾವ್ ದ್ವೀಪದಲ್ಲಿ ನೆಲೆಸಿ ಪೂರ್ಣಾವಧಿ ಲೇಖಕರಾದರು. 'ವುಶಿಯಾ' ಎಂಬ ಖಡ್ಗವೀರರ ಸಾಹಸಕಥೆಗೆ ವಿಜ್ಞಾನಕಥೆಯನ್ನೂ ರಾಜಕೀಯ ಇತಿಹಾಸವನ್ನೂ ಬೆಸೆದದ್ದು ಅವರ ಮುಖ್ಯ ಕೊಡುಗೆ. ಕಾದಂಬರಿಯ ನಾಯಕ ಸೇನೆಯ ವಿಶೇಷ ಪಡೆಯ ಯೋಧ. ಧಾರಾವಾಹಿ ಅವನನ್ನು ಗಣ್ಯರ ರಕ್ಷಣೆಯ ಹೊಣೆ ಹೊತ್ತ ಪೊಲೀಸನನ್ನಾಗಿ ಮಾಡಿತು. ಕಾದಂಬರಿಯಲ್ಲಿ ಹಲವಾರಿದ್ದ ಪ್ರೇಮಪ್ರಸಂಗಗಳನ್ನೂ ಕಡಿಮೆಗೊಳಿಸಲಾಯಿತು. ನಿರ್ಮಾಪಕರು ಚಾಂಗ್ ವೈ-ಕಿನ್.

ಕಥೆ: ನಾಯಕ ಶಿಯಾಂಗ್ ಶಾವೊಲುಂಗ್ (ಲೂಯಿಸ್ ಕೂ) ಮುಂದೆ ಚೀನಾದ ಮೊದಲ ಚಕ್ರವರ್ತಿಯಾಗುವ, ಚಿನ್ ರಾಜ್ಯದ ಯಿಂಗ್ ಝೆಂಗ್ ಪಟ್ಟಕ್ಕೇರುವುದನ್ನು ಕಣ್ಣಾರೆ ಕಂಡು ಮರಳಬೇಕೆಂಬ ಪ್ರಯೋಗಕ್ಕೆ ಒಪ್ಪುತ್ತಾನೆ. ಯಂತ್ರ ಅವನನ್ನು ಪಟ್ಟಾಭಿಷೇಕಕ್ಕಿಂತ ಕೆಲವು ವರ್ಷ ಮೊದಲೇ ಇಳಿಸುತ್ತದೆ. ಮರಳಬೇಕಾದರೆ ಯಿಂಗ್ ಝೆಂಗ್ ರಾಜನಾಗಲೇಬೇಕು. ಆದರೆ ಝಾವೊ ರಾಜ್ಯದಲ್ಲಿ ಒತ್ತೆಯಾಗಿದ್ದ ನಿಜವಾದ ಯಿಂಗ್ ಝೆಂಗ್ ಬದುಕಿಲ್ಲವೆಂದು ತಿಳಿದಾಗ, ಶಾವೊಲುಂಗ್ ತನ್ನ ಶಿಷ್ಯ ಝಾವೊ ಪಾನ್‌ನನ್ನು (ರೇಮಂಡ್ ಲ್ಯಾಮ್) ಆ ಹೆಸರಿನಲ್ಲಿ ಸಿಂಹಾಸನದವರೆಗೆ ಕೊಂಡೊಯ್ಯುತ್ತಾನೆ. ಅಂಜುಬುರುಕ ಹುಡುಗ ಅಧಿಕಾರದ ರುಚಿ ಹತ್ತಿದಂತೆ ನಿರ್ದಯಿಯಾಗುತ್ತಾನೆ. ತನ್ನ ಹುಟ್ಟಿನ ಗುಟ್ಟು ಬಲ್ಲವರೆಲ್ಲ ಅವನಿಗೆ ಅಪಾಯವಾಗಿ ಕಾಣುತ್ತಾರೆ. ಕೊನೆಗೆ ಗುರುವೂ ಆ ಪಟ್ಟಿಗೆ ಸೇರುತ್ತಾನೆ. ಶಾವೊಲುಂಗ್ ಪತ್ನಿಯರಾದ ವೂ ಟಿಂಗ್‌ಫಾಂಗ್ (ಜೆಸ್ಸಿಕಾ ಶ್ವೆನ್) ಮತ್ತು ಚಿನ್ ಚಿಂಗ್ (ಸೋನಿಯಾ ಕ್ವಾಕ್) ಅವರೊಂದಿಗೆ ದೂರ ಹೋಗಿ ಅಜ್ಞಾತನಾಗಿ ಉಳಿಯುತ್ತಾನೆ. ಗುರುಶಿಷ್ಯರ ಈ ಸಂಬಂಧ ಮಮತೆಯಿಂದ ಭಯಕ್ಕೆ ತಿರುಗುವ ಕ್ರಮವೇ ಧಾರಾವಾಹಿಯ ಜೀವಾಳ. ಲ್ಯಾಮ್ ಅವರಿಗೆ ಹೆಸರು ತಂದದ್ದೂ ಇದೇ ಪಾತ್ರ.

ಇತಿಹಾಸದ ಆಧಾರ: ಕಥೆ ನಡೆಯುವುದು ಏಳು ಪ್ರಬಲ ರಾಜ್ಯಗಳು ಪರಸ್ಪರ ಕಾದಾಡಿದ ಯುದ್ಧರಾಜ್ಯಗಳ ಕಾಲದ ಕೊನೆಯಲ್ಲಿ. ಯಿಂಗ್ ಝೆಂಗ್ ಕ್ರಿ.ಪೂ. 259ರಲ್ಲಿ ಝಾವೊದ ರಾಜಧಾನಿ ಹಾನ್‌ದಾನ್‌ನಲ್ಲಿ ಹುಟ್ಟಿದ. ತಂದೆ ಅಲ್ಲಿ ಒತ್ತೆಯಾಳಾಗಿದ್ದ ಚಿನ್ ರಾಜಕುಮಾರ. ಹದಿಮೂರರ ಎಳೆ ವಯಸ್ಸಿನಲ್ಲಿ ಪಟ್ಟಕ್ಕೇರಿದ ಅವನ ಪರವಾಗಿ ಆಡಳಿತ ನಡೆಸಿದವನು ವರ್ತಕನಾಗಿದ್ದು ಮಂತ್ರಿಯಾದ ಲೂ ಬುವೇ. ಯಿಂಗ್ ಝೆಂಗ್ ಆರು ಎದುರಾಳಿ ರಾಜ್ಯಗಳನ್ನು ಗೆದ್ದು ಕ್ರಿ.ಪೂ. 221ರಲ್ಲಿ ಚಿನ್ ಶಿ ಹುವಾಂಗ್ ಎಂಬ ಬಿರುದಿನಿಂದ ಚಕ್ರವರ್ತಿಯಾದ. ಅವನು ಲೂ ಬುವೇಯ ಮಗನೇ ಎಂಬ ಸಂದೇಹವನ್ನು ಸಿಮಾ ಚಿಯಾನ್‌ನ 'ಶಿಜಿ' ಎಂಬ ಚರಿತ್ರೆಯೇ ದಾಖಲಿಸಿದೆ. ಜನ್ಮದ ಕುರಿತ ಈ ಹಳೆಯ ಶಂಕೆಯನ್ನು ಕಾದಂಬರಿಕಾರ ಬೇರೆ ದಿಕ್ಕಿಗೆ ತಿರುಗಿಸಿ, ಅರಸನೇ ಬೇರೊಬ್ಬನೆಂಬ ಕಲ್ಪನೆ ಕಟ್ಟಿದರು.

ದಾಖಲಾದ ಘಟನೆಗಳನ್ನು ಕಥೆ ಅಳಿಸುವುದಿಲ್ಲ. ಅವಕ್ಕೆ ಗುಪ್ತ ಕಾರಣಗಳನ್ನು ಕಲ್ಪಿಸುತ್ತದೆ. ಕ್ರಿ.ಪೂ. 213ರಲ್ಲಿ ಚಕ್ರವರ್ತಿ ಮಾಡಿಸಿದ ಗ್ರಂಥದಹನ ಇಲ್ಲಿ ಶಾವೊಲುಂಗನ ಹೆಸರು ಎಲ್ಲೂ ಉಳಿಯದಂತೆ ಮಾಡುವ ಉಪಾಯವಾಗುತ್ತದೆ. ಅವನ ಸಾಕುಮಗ ಶಿಯಾಂಗ್ ಯೂ ಎಂಬ ಹೆಸರು ಪಡೆಯುವಲ್ಲಿ ಕಥೆ ಮುಗಿಯುತ್ತದೆ. ಚಿನ್ ಸಾಮ್ರಾಜ್ಯವನ್ನು ಉರುಳಿಸಿ ಕ್ರಿ.ಪೂ. 206ರಲ್ಲಿ ಅದರ ಅರಮನೆಗಳನ್ನು ಸುಟ್ಟ ಸೇನಾನಿಯ ಹೆಸರು ಅದೇ. ಚರಿತ್ರೆಯ ಶಿಯಾಂಗ್ ಯೂ ಚೂ ರಾಜ್ಯದ ಸೇನಾಪತಿ ವಂಶದವನು. ಭವಿಷ್ಯದಿಂದ ಬಂದವನು ಇತಿಹಾಸವನ್ನು ಬದಲಿಸಲಾರ, ಅದು ಹಾಗೆಯೇ ನಡೆಯಲು ಅವನೂ ಒಂದು ಕಾರಣ ಎಂಬ ನಿಲುವನ್ನು ಕೃತಿ ಕೊನೆಯವರೆಗೂ ಬಿಡುವುದಿಲ್ಲ. ಕಥಾಬಂಧ ಸಡಿಲಗೊಳ್ಳದಿರಲು ಇದೇ ಕಾರಣ.

ನಂತರದ ಬೆಳವಣಿಗೆ: 2011ರಲ್ಲಿ ಹುನಾನ್ ದೂರದರ್ಶನದಲ್ಲಿ ಬಂದ 'ಪ್ಯಾಲೇಸ್' ಮತ್ತು ಟಾಂಗ್ ಹುವಾ ಅವರ ಕಾದಂಬರಿ ಆಧರಿಸಿದ 'ಬು ಬು ಜಿಂಗ್ ಶಿನ್' ಕಾಲಯಾನ ಧಾರಾವಾಹಿಯ ಪ್ರಕಾರವನ್ನು ಚೀನಾದ ಮುಖ್ಯಭೂಮಿಯಲ್ಲಿ ಮನೆಮಾತಾಗಿಸಿದವು. ಎರಡೂ ಚಿಂಗ್ ವಂಶದ ಕಾಂಗ್‌ಶಿ ಚಕ್ರವರ್ತಿಯ ಮಕ್ಕಳ ಉತ್ತರಾಧಿಕಾರ ಕಲಹದ ನಡುವೆ ಇಂದಿನ ಯುವತಿಯೊಬ್ಬಳನ್ನು ತಂದು ನಿಲ್ಲಿಸುತ್ತವೆ. ಕಾಲಯಂತ್ರ ಮರೆಯಾಗಿ, ಯುದ್ಧತಂತ್ರದ ಜಾಗವನ್ನು ಅಂತಃಪುರದ ಪ್ರೇಮ ಆಕ್ರಮಿಸಿತು. ಅದೇ ವರ್ಷ ಚೀನಾದ ಪ್ರಸಾರ ನಿಯಂತ್ರಣ ಇಲಾಖೆ ಕಾಲಯಾನದ ಕಥೆಗಳು ಇತಿಹಾಸವನ್ನು ಹಗುರವಾಗಿ ಕಾಣುತ್ತವೆಂದು ಆಕ್ಷೇಪಿಸಿ ಅವನ್ನು ನಿರುತ್ತೇಜನಗೊಳಿಸಿತು. ಆದರೂ ಪ್ರಕಾರ ನಿಲ್ಲಲಿಲ್ಲ. 'ಬು ಬು ಜಿಂಗ್ ಶಿನ್' 2016ರಲ್ಲಿ ಕೊರಿಯಾದಲ್ಲಿ ಗೊರ್ಯೊ ಕಾಲದ ಕಥೆಯಾಗಿ ಮರುಹುಟ್ಟು ಪಡೆಯಿತು.

'ಶುನ್ ಚಿನ್ ಜಿ' 2018ರಲ್ಲಿ ಮುಖ್ಯಭೂಮಿಯಲ್ಲಿ ಹೊಸ ಧಾರಾವಾಹಿಯಾಗಿ ಬಂದಿತು. ಮೂಲ ಕಥೆಯ ಮುಂದುವರಿಕೆಯಾದ 'ಬ್ಯಾಕ್ ಟು ದಿ ಪಾಸ್ಟ್' ಚಲನಚಿತ್ರವನ್ನು ಲೂಯಿಸ್ ಕೂ ಅವರೇ ನಿರ್ಮಿಸಿದ್ದು, ಲ್ಯಾಮ್, ಶ್ವೆನ್ ಮತ್ತು ಕ್ವಾಕ್ ತಮ್ಮ ಹಿಂದಿನ ಪಾತ್ರಗಳಲ್ಲೇ ಅಭಿನಯಿಸಿದ್ದಾರೆ.