ಒಂಬತ್ತನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ: ಟೆನೆಸಿಯ ಒಂದು ಸಹಜೀವನದ ಇತಿಹಾಸ

ವ್ರತವನ್ನು ಸ್ವೀಕರಿಸಲು ಒಂದು ಶುಭಮುಹೂರ್ತ ಸಾಕು. ಅದನ್ನು ನಿರ್ವಹಿಸಲು ಇಡೀ ಆಯುಷ್ಯವೇ ಬೇಕು. ಆದುದರಿಂದಲೇ ನಮ್ಮ ಆಚಾರ್ಯರು ಅಹಿಂಸಾದಿ ಐದು ವ್ರತಗಳನ್ನು ಮುನಿಗಳಿಗೆ ಮಹಾವ್ರತವಾಗಿಯೂ ಶ್ರಾವಕರಿಗೆ ಅಣುವ್ರತವಾಗಿಯೂ ವಿಧಿಸಿದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಸಾಧನೆಗೆ ಹನ್ನೊಂದು ಪ್ರತಿಮೆಗಳನ್ನು ಹೇಳಲಾಗಿದೆ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಎರಡನೆಯ ಮೆಟ್ಟಿಲಾದ ವ್ರತಪ್ರತಿಮೆಯಲ್ಲಿ. ಪರಿಗ್ರಹತ್ಯಾಗವು ಒಂಬತ್ತನೆಯ ಮೆಟ್ಟಿಲಿನಲ್ಲಿ. ಈ ಕ್ರಮದ ಹಿಂದಿರುವ ವಿವೇಕವನ್ನು ಅರಿಯಲು, ಅದನ್ನು ಕೇಳಿಯೂ ಇರದ ಜನರು ದೂರದ ಅಮೆರಿಕದಲ್ಲಿ ನಡೆಸಿದ ಒಂದು ಪ್ರಯೋಗದ ಇತಿಹಾಸವು ನೆರವಾಗುತ್ತದೆ.

1960ರ ದಶಕದ ಕೊನೆಯಲ್ಲಿ, ವಿಯೆಟ್ನಾಂ ಯುದ್ಧದಿಂದಲೂ ಭೋಗಪ್ರಧಾನವಾದ ಬದುಕಿನಿಂದಲೂ ಬೇಸತ್ತ ಅಮೆರಿಕದ ಯುವಜನರು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಗುಂಪುಗೂಡಿದ್ದರು. ಲೋಕವು ಅವರನ್ನು ಹಿಪ್ಪಿಗಳೆಂದು ಕರೆಯಿತು. ಕೊರಿಯಾ ಯುದ್ಧದಲ್ಲಿ ಸೈನಿಕರಾಗಿದ್ದು, ಬಳಿಕ ಅಲ್ಲಿನ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಸ್ಟೀಫನ್ ಗ್ಯಾಸ್ಕಿನ್ ಎಂಬವರು ಪ್ರತಿ ಸೋಮವಾರ ರಾತ್ರಿ ಧರ್ಮ ಮತ್ತು ನೀತಿಯನ್ನು ಕುರಿತು ಉಪನ್ಯಾಸ ನೀಡುತ್ತಿದ್ದರು. 1970ರಲ್ಲಿ ಅವರು ದೇಶ ಸಂಚಾರಕ್ಕೆ ಹೊರಟಾಗ ಶಿಷ್ಯರು ಹಳೆಯ ಶಾಲಾ ಬಸ್ಸುಗಳಲ್ಲಿ ಅವರನ್ನು ಹಿಂಬಾಲಿಸಿದರು. 1971ರಲ್ಲಿ ಈ ತಂಡವು ಟೆನೆಸಿ ರಾಜ್ಯದ ಲೂಯಿಸ್ ಕೌಂಟಿಯಲ್ಲಿ, ಎಕರೆಗೆ ಸುಮಾರು 70 ಡಾಲರಿನಂತೆ, 1000 ಎಕರೆ ಕಾಡುಭೂಮಿಯನ್ನು ಕೊಂಡು ನೆಲೆನಿಂತಿತು. ತಮ್ಮ ನೆಲೆಗೆ ಅವರು ಇಟ್ಟ ಹೆಸರು 'ದಿ ಫಾರ್ಮ್'. ಅಕ್ಕಪಕ್ಕದ ಭೂಮಿ ಸೇರಿ ಅದು ಮುಂದೆ ಸುಮಾರು 1750 ಎಕರೆಯಾಯಿತು.

ಅಲ್ಲಿಗೆ ಸೇರುವವರು ತಮ್ಮ ಹಣ, ಆಸ್ತಿಗಳನ್ನೆಲ್ಲ ಸಾಮಾನ್ಯ ಬೊಕ್ಕಸಕ್ಕೆ ಒಪ್ಪಿಸಬೇಕಾಗಿತ್ತು. ಆದಿಮ ಕ್ರೈಸ್ತ ಸಮುದಾಯವು ಎಲ್ಲವನ್ನೂ ಹಂಚಿಕೊಂಡು ಬಾಳಿತೆಂಬ ಬೈಬಲಿನ ಮಾತು ಅವರಿಗೆ ಆಧಾರ. ಸಂಬಳವೆಂಬುದಿರಲಿಲ್ಲ, ಡೇರೆಗಳಲ್ಲಿಯೂ ಬಸ್ಸುಗಳಲ್ಲಿಯೂ ವಾಸ. ಮಾಂಸ, ಮೀನು, ಮೊಟ್ಟೆಗಳಷ್ಟೇ ಅಲ್ಲ, ಹಾಲು ಸಹ ವರ್ಜ್ಯವಾಗಿತ್ತು. ಸೋಯಾ ಕಾಳನ್ನು ಬೆಳೆದು, ಅದರಿಂದಲೇ ಹಾಲನ್ನೂ ತೋಫುವನ್ನೂ ಮಾಡಿಕೊಂಡರು. ಮದ್ಯ, ತಂಬಾಕುಗಳಿಗೆ ಪ್ರವೇಶವಿರಲಿಲ್ಲ. ಆದರೆ ಗಾಂಜಾವನ್ನು ಅವರು ಪವಿತ್ರವೆಂದು ಭಾವಿಸಿದ್ದರು. ಅದನ್ನು ಬೆಳೆದ ಅಪರಾಧಕ್ಕಾಗಿ ಗ್ಯಾಸ್ಕಿನ್ನರೂ ಕೆಲವು ಸಂಗಡಿಗರೂ 1974ರಲ್ಲಿ ಸೆರೆಮನೆ ಸೇರಿದರು. ಪ್ರಮಾದಕ್ಕೆ ಕಾರಣವಾದುದನ್ನು ಧರ್ಮದ ಹೆಸರಿನಲ್ಲಿ ಸಮರ್ಥಿಸುವುದನ್ನು ಜೈನ ಓದುಗರು ಒಪ್ಪಲಾರರು. ಈ ದೋಷವನ್ನು ಮುಚ್ಚಿಡದೆಯೇ ಅವರ ಗುಣಗಳನ್ನು ಕಾಣುವುದು ನ್ಯಾಯ.

ಆ ಗುಣಗಳು ಅಲ್ಪವಾಗಿರಲಿಲ್ಲ. 1974ರಲ್ಲಿ ಅವರು 'ಪ್ಲೆಂಟಿ' ಎಂಬ ಸೇವಾಸಂಸ್ಥೆಯನ್ನು ಕಟ್ಟಿದರು. 1976ರಲ್ಲಿ ಗ್ವಾಟೆಮಾಲ ದೇಶವು ಭೂಕಂಪದಿಂದ ತತ್ತರಿಸಿದಾಗ ಅವರ ಬಡಗಿಗಳು ಅಲ್ಲಿಗೆ ಹೋಗಿ ಮನೆಗಳನ್ನು ಕಟ್ಟಲು ನೆರವಾದರು. ಹಳ್ಳಿಗರಿಗೆ ಸೋಯಾ ಹಾಲಿನ ಕೇಂದ್ರವನ್ನು ಸ್ಥಾಪಿಸಿಕೊಟ್ಟರು. 1980ರಲ್ಲಿ ಮೊದಲ ಬಾರಿಗೆ ನೀಡಲಾದ 'ರೈಟ್ ಲೈವ್ಲಿಹುಡ್' ಪ್ರಶಸ್ತಿಯು ಈ ಸೇವೆಗೆ ಸಂದಿತು. ಸ್ಟೀಫನ್ನರ ಪತ್ನಿ ಇನಾ ಮೇ ಗ್ಯಾಸ್ಕಿನ್ ಪ್ರಯಾಣದ ಬಸ್ಸಿನಲ್ಲಿಯೇ ಸೂಲಗಿತ್ತಿಯ ಕೆಲಸ ಕಲಿತವರು. ದಿಕ್ಕುಗಾಣದ ಗರ್ಭಿಣಿಯರಿಗೆ, ಭ್ರೂಣವನ್ನು ತೆಗೆಸಬೇಡಿ, ಇಲ್ಲಿ ಬಂದು ಹೆರಿರಿ, ಮಗುವನ್ನು ನಾವು ಸಾಕುತ್ತೇವೆ ಎಂದು ಈ ಸಮುದಾಯವು ಅಭಯವಿತ್ತಿತ್ತು.

1980ರ ಹೊತ್ತಿಗೆ ನಿವಾಸಿಗಳ ಸಂಖ್ಯೆ 1200ನ್ನು ಮೀರಿತು. ಅವರಲ್ಲಿ ಅರ್ಧದಷ್ಟು ಮಂದಿ ಮಕ್ಕಳು. ತೊಡಕು ಇಲ್ಲಿಯೇ ಮೊದಲಾಯಿತು. ಬೇಸಾಯದಲ್ಲಿ ನಷ್ಟ, ಆಸ್ಪತ್ರೆಯ ಬಿಲ್ಲುಗಳು, ದೇಶದ ಆರ್ಥಿಕ ಹಿಂಜರಿತ, ಬಂದವರನ್ನೆಲ್ಲ ಸೇರಿಸಿಕೊಂಡ ಔದಾರ್ಯ, ಇವೆಲ್ಲ ಕೂಡಿ ಸಾಲವು ಹತ್ತು ಲಕ್ಷ ಡಾಲರನ್ನು ದಾಟಿತು. ಭೂಮಿಯೇ ಕೈಬಿಡುವ ಭಯ ಎದುರಾಯಿತು. ತಮ್ಮ ಹಸಿವನ್ನು ಸಹಿಸಲು ಸಿದ್ಧರಿದ್ದ ತಂದೆತಾಯಿಗಳು ಮಕ್ಕಳ ಕೊರತೆಯನ್ನು ಸಹಿಸಲಾರದೆ ಹೋದರು. 1983ರ ಅಕ್ಟೋಬರಿನಲ್ಲಿ ಸಮುದಾಯವು ತನ್ನ ನಿಯಮವನ್ನೇ ಬದಲಿಸಿತು: ಇನ್ನು ಮುಂದೆ ಪ್ರತಿ ಕುಟುಂಬವೂ ತನ್ನ ಜೀವನೋಪಾಯವನ್ನು ತಾನೇ ನೋಡಿಕೊಳ್ಳಬೇಕು, ಸಾಲ ತೀರಿಸಲು ಹಾಗೂ ಸಾಮಾನ್ಯ ವೆಚ್ಚಕ್ಕೆ ಪ್ರತಿ ವಯಸ್ಕನೂ ಮಾಸಿಕ ವಂತಿಗೆ ಕೊಡಬೇಕು, ಭೂಮಿ ಮಾತ್ರ ಎಲ್ಲರದ್ದಾಗಿಯೇ ಉಳಿಯಬೇಕು. ಕೆಲವೇ ವರ್ಷಗಳಲ್ಲಿ ಸಾವಿರ ಜನರ ಊರಿನಲ್ಲಿ ಉಳಿದವರು ಮುನ್ನೂರಕ್ಕಿಂತ ಕಡಮೆ.

ಹೊರಟವರ ಸ್ಥಿತಿಯನ್ನು ಯೋಚಿಸಿದರೆ ಮನಸ್ಸು ಮರುಗುತ್ತದೆ. ಯೌವನದ ಹತ್ತು ಹನ್ನೆರಡು ವರ್ಷಗಳ ದುಡಿಮೆಯನ್ನು ಸಮೂಹಕ್ಕೆ ಅರ್ಪಿಸಿದವರು, ಉಳಿತಾಯವೆಂಬುದಿಲ್ಲದೆ, ಮಕ್ಕಳ ಕೈಹಿಡಿದು ಹೊಸ ಬದುಕನ್ನು ಅರಸಬೇಕಾಯಿತು. ಅವರ ತ್ಯಾಗ ಸುಳ್ಳಾಗಿರಲಿಲ್ಲ. ಅದನ್ನು ಸ್ವೀಕರಿಸಿದ ಸಂಘಕ್ಕೆ ಅವರನ್ನು ಕೊನೆಯವರೆಗೆ ಪೊರೆಯುವ ಶಕ್ತಿ ಇರಲಿಲ್ಲ. ಒಂಬತ್ತನೆಯ ಪ್ರತಿಮೆಗೆ ಏರುವ ಶ್ರಾವಕನು ಸಂಸಾರದ ಹೊಣೆಯನ್ನು ಮಕ್ಕಳಿಗೆ ಒಪ್ಪಿಸಿ ನಿಶ್ಚಿಂತನಾಗಿ ಏರುತ್ತಾನೆ. ಇವರಾದರೋ ಹಸುಳೆಗಳನ್ನು ಎತ್ತಿಕೊಂಡೇ ಆ ಮೆಟ್ಟಿಲಿಗೆ ಜಿಗಿದಿದ್ದರು.

ಆದರೂ 1983ರ ಬದಲಾವಣೆಯನ್ನು ವ್ರತಭಂಗವೆಂದು ಕರೆಯುವುದು ಸಲ್ಲದು. ಉಳಿದವರು ದುಡಿದು ಸಾಲ ತೀರಿಸಿದರು; ಭೂಮಿಯನ್ನು ಹಂಚಿಕೊಂಡು ಮಾರಲಿಲ್ಲ. ಸಸ್ಯಾಹಾರದ ಪುಸ್ತಕಗಳ ಪ್ರಕಾಶನ, ಸೋಯಾ ಆಹಾರದ ತಯಾರಿಕೆ, ಸೂಲಗಿತ್ತಿಯರ ಸೇವೆ ಮುಂದುವರಿದವು. 1994ರಲ್ಲಿ ಪರಿಸರಕ್ಕೆ ಹೊಂದುವ ಜೀವನಕ್ರಮವನ್ನು ಕಲಿಸುವ ಶಿಕ್ಷಣ ಕೇಂದ್ರವು ಆರಂಭವಾಯಿತು. 2011ರಲ್ಲಿ ಇನಾ ಮೇ ಅವರಿಗೂ ಅದೇ 'ರೈಟ್ ಲೈವ್ಲಿಹುಡ್' ಪ್ರಶಸ್ತಿ ದೊರೆಯಿತು. ಪರಿಗ್ರಹದ ಸರ್ವತ್ಯಾಗವಾಗಿದ್ದುದು ಪರಿಗ್ರಹ ಪರಿಮಾಣವಾಯಿತು. ಮಿತಿಯನ್ನು ಒಪ್ಪಿಕೊಂಡುದರಿಂದಲೇ ಆದರ್ಶವು ಅವರ ನರೆಗೂದಲಿನ ಕಾಲದವರೆಗೂ ಜೊತೆಗೆ ಬಂದಿತು.

ವಾರ್ಧಕ್ಯದ ಚಿಂತೆಯೂ ಅವರಿಗೆ ಬಂದಿತು. 1990ರ ದಶಕದಲ್ಲಿ ಗ್ಯಾಸ್ಕಿನ್ ಪಕ್ಕದಲ್ಲಿಯೇ ಸುಮಾರು 100 ಎಕರೆ ಭೂಮಿಯಲ್ಲಿ, ವಯಸ್ಸಾದ ಸಂಗಾತಿಗಳು ಪುಟ್ಟ ಮನೆಗಳಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ಬಾಳುವ ನೆಲೆಯೊಂದನ್ನು ಯೋಜಿಸಿದರು. ಡಾನ್ ಕ್ವಿಕ್ಸೋಟನ ಮುದಿ ಕುದುರೆಯ ನೆನಪಿನಲ್ಲಿ ಅದಕ್ಕೆ 'ರೋಸಿನಾಂಟೆ' ಎಂದು ಹೆಸರಿಟ್ಟರು. ಕನಸು ಕಂಡಷ್ಟು ದೊಡ್ಡದಾಗಿ ಅದು ಬೆಳೆಯಲಿಲ್ಲ. 2014ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಇಪ್ಪತ್ತರ ಹರೆಯದಲ್ಲಿ ಬಸ್ಸಿನಿಂದಿಳಿದವರು ಇಂದು ಎಪ್ಪತ್ತನ್ನು ದಾಟಿದ್ದಾರೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ವಾತ್ಸಲ್ಯವೂ ಸೇರಿವೆ: ಧರ್ಮದಿಂದ ಜಾರುತ್ತಿರುವವರನ್ನು ನಿಲ್ಲಿಸುವುದು, ಸಾಧರ್ಮಿಗಳನ್ನು ಒಲವಿನಿಂದ ಕಾಣುವುದು. ದಾನಿಗಳಿಂದ ಕಾಣಿಕೆಯನ್ನೂ ಸೇವಕರಿಂದ ಆಯುಷ್ಯವನ್ನೂ ಸ್ವೀಕರಿಸುವ ನಮ್ಮ ಬಸದಿಗಳ ಧರ್ಮದರ್ಶಿಗಳು ಈ ಇತಿಹಾಸದ ಮುಂದೆ ಕ್ಷಣಕಾಲ ನಿಲ್ಲಬೇಕು. ನಲವತ್ತು ವರ್ಷ ಪೂಜೆ ಮಾಡಿದ ಪುರೋಹಿತರು, ಗ್ರಂಥಭಂಡಾರವನ್ನು ಕಾದ ಪಂಡಿತರು, ಮಕ್ಕಳು ದೂರದೂರಿಗೆ ಹೋದ ಬಳಿಕ ಒಂಟಿಯಾದ ಶ್ರಾವಿಕೆಯರು ಮುಪ್ಪಿನಲ್ಲಿ ಯಾರ ಮುಖ ನೋಡಬೇಕು? ಶಿಖರಕ್ಕೆ ಕಲಶವನ್ನು ಏರಿಸುವ ಮುನ್ನ ಈ ಪ್ರಶ್ನೆಗೆ ಲೆಕ್ಕಪುಸ್ತಕದಲ್ಲಿ ಒಂದು ಪುಟ ಇರಬೇಕಾದುದು ಧರ್ಮ. ತ್ಯಾಗವನ್ನು ಸ್ವೀಕರಿಸಿದ ಸಂಘವು ತ್ಯಾಗಿಯ ಮುಪ್ಪನ್ನೂ ಸ್ವೀಕರಿಸಿದೆಯೆಂದೇ ತಿಳಿಯಬೇಕು.