ಮನಸ್ಸಿನಲ್ಲೇ ಕೈಯಾಡಿಸಿ ಯಂತ್ರ ನಡೆಸುವುದು: ಎಲ್ಲರಿಗೂ ಏಕೆ ಒಂದೇ ರೀತಿ ಬರುವುದಿಲ್ಲ?

ಲಕ್ವ ಹೊಡೆದು ಒಂದು ಕೈ ಸ್ವಾಧೀನ ತಪ್ಪಿದವರು ಕೊಳತ್ತೂರು ಸೀಮೆಯ ಹಳ್ಳಿಗಳಲ್ಲೂ ಇದ್ದಾರೆ. ಕೈ ಅಲುಗದಿದ್ದರೂ ಅಲುಗಿಸಬೇಕೆಂಬ ಯೋಚನೆ ಮೆದುಳಿನಲ್ಲಿ ಹುಟ್ಟಬಲ್ಲದು. ಆ ಯೋಚನೆಯ ಗುರುತು ಹಿಡಿದು ಕಂಪ್ಯೂಟರನ್ನೋ ಯಂತ್ರದ ಕೈಯನ್ನೋ ನಡೆಸುವ ವ್ಯವಸ್ಥೆಗೆ ಬ್ರೈನ್-ಕಂಪ್ಯೂಟರ್ ಇಂಟರ್‌ಫೇಸ್, ಚಿಕ್ಕದಾಗಿ ಬಿಸಿಐ, ಎನ್ನುತ್ತಾರೆ. ಆದರೆ ಇದು ಎಲ್ಲರಿಗೂ ಒಂದೇ ರೀತಿ ಒಲಿಯುವುದಿಲ್ಲ.

ಕೆಲಸ ಮಾಡುವ ಬಗೆ

ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದೇ ಇಇಜಿ. ಮನುಷ್ಯರ ಇಇಜಿ ಕುರಿತು ಜರ್ಮನಿಯ ಹ್ಯಾನ್ಸ್ ಬರ್ಗರ್ 1929ರಲ್ಲಿ ಮೊದಲು ಪ್ರಕಟಿಸಿದರು. ಕೈಕಾಲು ಸುಮ್ಮನಿರುವಾಗ ಮೆದುಳಿನ ಚಲನೆಯ ಭಾಗದಲ್ಲಿ ಸೆಕೆಂಡಿಗೆ ಸುಮಾರು 8ರಿಂದ 13 ಸಲ ಏರಿಳಿಯುವ 'ಮ್ಯೂ' ಅಲೆ ಇರುತ್ತದೆ. ಬಲಗೈ ಆಡಿಸಿದಂತೆ ನೆನೆದರೆ ಮುಖ್ಯವಾಗಿ ಮೆದುಳಿನ ಎಡಭಾಗದಲ್ಲಿ, ಎಡಗೈಯಾದರೆ ಬಲಭಾಗದಲ್ಲಿ ಈ ಅಲೆ ತಗ್ಗುತ್ತದೆ. ಈ ಇಳಿತವೇ ಕಂಪ್ಯೂಟರಿಗೆ ಸಂಜ್ಞೆ.

ಎಷ್ಟು ಜನರಿಗೆ ಸಾಧ್ಯ?

ಆಸ್ಟ್ರಿಯಾದ ಗ್ರಾಜ್ ನಗರದ ವಸ್ತುಪ್ರದರ್ಶನವೊಂದರಲ್ಲಿ 99 ಆರೋಗ್ಯವಂತರಿಗೆ ಅರ್ಧ ಗಂಟೆಯೊಳಗಿನ ಅಭ್ಯಾಸ ಕೊಟ್ಟು ಪರೀಕ್ಷಿಸಿದ ಫಲಿತಾಂಶ 2003ರಲ್ಲಿ ಹೊರಬಂತು. ಇರುವುದು ಎರಡೇ ಆಯ್ಕೆ, ಕಣ್ಣುಮುಚ್ಚಿ ಊಹಿಸಿದರೂ ಶೇ. 50 ಸರಿಯಾಗುತ್ತದೆ. ಶೇ. 60 ದಾಟಿದವರು ಶೇ. 93ರಷ್ಟು ಜನ. ಶೇ. 80 ದಾಟಿದವರು ಮಾತ್ರ ಐದರಲ್ಲಿ ಒಬ್ಬರು.

ವ್ಯತ್ಯಾಸ ಏಕೆ?

ಬರ್ಲಿನ್‌ನ ಸಂಶೋಧಕರು 80 ಜನರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದಂತೆ, ಸುಮ್ಮನೆ ಕುಳಿತಾಗ ಮ್ಯೂ ಅಲೆ ಬಲವಾಗಿರುವವರಿಗೆ ಹಿಡಿತ ಸುಲಭವಾಗಿ ಸಿಗುವ ಸಂಭವ ಹೆಚ್ಚು. ಮೊದಲೇ ಅಲೆ ಸಣ್ಣದಾಗಿದ್ದರೆ ಅದು ತಗ್ಗಿದ್ದು ಕಾಣುವುದಿಲ್ಲ. ಇದು ಬುದ್ಧಿವಂತಿಕೆಯ ಕೊರತೆಯಲ್ಲ.

ನೆನೆಯುವ ರೀತಿಯೂ ಮುಖ್ಯ. ಹೊಗೆನಕಲ್‌ನಲ್ಲಿ ಹರಿಗೋಲು, ಅಂದರೆ ತಮಿಳಿನ ಪರಿಸಲ್, ನಡೆಸುವವರನ್ನು ದಡದಿಂದ ನೋಡಿದಂತೆ ನೆನೆಯುವುದು ಒಂದು. ಹುಟ್ಟಿನ ಭಾರ ತಮ್ಮದೇ ತೋಳಿಗೆ ತಾಕಿದಂತೆ ನೆನೆಯುವುದು ಇನ್ನೊಂದು. ಎರಡನೆಯ ರೀತಿಯಲ್ಲೇ ಸಂಜ್ಞೆ ಸ್ಪಷ್ಟ ಎಂದು ಪ್ರಯೋಗಗಳು ತೋರಿಸಿವೆ.

ಸುಧಾರಿಸುವ ದಾರಿ

ಹಿಡಿತ ಬಾರದಿರುವುದನ್ನು ಸಂಶೋಧಕರು ಬಹುಕಾಲ 'ಬಿಸಿಐ ಅನಕ್ಷರತೆ' ಎಂದರು. ತಪ್ಪನ್ನು ಬಳಸುವವರ ತಲೆಗೆ ಕಟ್ಟುವ ಈ ಹೆಸರಿಗೆ ಈಗ ಆಕ್ಷೇಪವಿದೆ. ಬಳಸುವವರ ಅಲೆಗೆ ತಕ್ಕಂತೆ ತಾನೂ ಕಲಿಯುವ ಕಂಪ್ಯೂಟರ್ ಕೊಟ್ಟಾಗ, ಮೊದಲು ಸೋತವರಲ್ಲಿ ಕೆಲವರು ಗೆದ್ದಿದ್ದಾರೆ. ಯೋಗ, ಧ್ಯಾನ ರೂಢಿಯಿದ್ದವರು ಬೇಗ ಕಲಿತರೆಂದು ಅಮೆರಿಕದ 2014ರ ಅಧ್ಯಯನ ಹೇಳಿದೆ. ಲಕ್ವದಿಂದ ದುರ್ಬಲವಾದ ಕೈಗೆ ವ್ಯಾಯಾಮ ಮಾಡಿಸುವ ಇಪ್ಸಿಹ್ಯಾಂಡ್ ಎಂಬ ಬಿಸಿಐ ಸಾಧನಕ್ಕೆ ಅಮೆರಿಕ 2021ರಲ್ಲಿ ಅನುಮತಿ ನೀಡಿತು.

ಹೀಗಾಗಿ ಮೊದಲ ದಿನದ ಸೋಲನ್ನೇ ಕೊನೆಯ ತೀರ್ಪೆಂದು ರೋಗಿಯಾಗಲಿ ಮನೆಯವರಾಗಲಿ ತಿಳಿಯಬೇಕಿಲ್ಲ. ಹಾಗೆಯೇ, ಇಂಥ ಯಂತ್ರ ಬರಲಿ ನೋಡೋಣ ಎಂದು ವೈದ್ಯರು ಹೇಳಿದ ಫಿಸಿಯೋಥೆರಪಿಯನ್ನು ನಿಲ್ಲಿಸಲೂ ಬಾರದು.