ಕೆಸರಿನ ಗುಣ ಅರಿಯದೆ ಶುದ್ಧೀಕರಣವಿಲ್ಲ

ಸೆಪ್ಟಿಕ್ ಟ್ಯಾಂಕಿನಿಂದ ಸಕ್ಕಿಂಗ್ ಯಂತ್ರ ಎಳೆದು ತಂದ ಸಾವಿರ ಲೀಟರ್ ಕೆಸರಿನಲ್ಲಿ ಘನಾಂಶ ಶೇ 1ರಷ್ಟಿದ್ದರೆ ಅದರ ತೂಕ ಸುಮಾರು 10 ಕಿಲೋ. ಉಳಿದದ್ದೆಲ್ಲ ನೀರು. ಘನಾಂಶ ಶೇ 5ಕ್ಕೆ ಏರಿದರೆ ಸಾವಿರ ಲೀಟರ್ ಇನ್ನೂರಕ್ಕೆ ಇಳಿಯುತ್ತದೆ. ಶೇ 25ಕ್ಕೆ ಏರಿದರೆ ಉಳಿಯುವುದು ಸಲಿಕೆಯಲ್ಲಿ ಎತ್ತಬಹುದಾದ 40 ಕಿಲೋ ಗಟ್ಟಿ ಕೆಸರು ಮಾತ್ರ. ಟ್ಯಾಂಕಿನ ಗಾತ್ರ, ಸಾಗಣೆ ವೆಚ್ಚ, ಕರೆಂಟ್ ಬಿಲ್ಲು ಎಲ್ಲವೂ ಈ ಲೆಕ್ಕವನ್ನೇ ಅವಲಂಬಿಸಿವೆ. ಆದ್ದರಿಂದ ಕೊಳಚೆ ಶುದ್ಧೀಕರಣದ ನೂರು ವರ್ಷಗಳ ಚರಿತ್ರೆಯನ್ನು ಕೆಸರಿನಿಂದ ನೀರು ಬಿಡಿಸಿದ ಚರಿತ್ರೆ ಎಂದೇ ಓದಬಹುದು. ಬೀದರ್, ಭಾಲ್ಕಿ, ಔರಾದ್ ಊರುಗಳಿಗೆ ಅದು ಇಂದೇ ಬೇಕಾದ ಓದು.

ತಳಕ್ಕಿಳಿಯುವ ಗುಣ

1914ರಲ್ಲಿ ಮ್ಯಾಂಚೆಸ್ಟರ್‌ನ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಕೊಳಚೆ ನೀರಿಗೆ ಗಾಳಿ ಊದಿದರು. ತಳದಲ್ಲಿ ನಿಂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆಯೇ ಹೊಸ ಕೊಳಚೆ ಸುರಿದರು. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧೀಕರಣ ಗಂಟೆಗಳ ಕೆಲಸವಾಯಿತು. ಇದೇ ಆ್ಯಕ್ಟಿವೇಟೆಡ್ ಸ್ಲಡ್ಜ್ ವಿಧಾನ. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಆ ವಿದ್ಯೆಯೂ ಅವರೊಂದಿಗೆ ಕರ್ನಾಟಕಕ್ಕೆ ಬಂತು.

ಕೊಳೆ ತಿನ್ನುವುದು ಸೂಕ್ಷ್ಮಜೀವಿಗಳೇ ಆದರೂ, ಅವು ಗುಂಪುಗೂಡಿ ತಳಕ್ಕೆ ಇಳಿಯದಿದ್ದರೆ ಮೇಲಿನ ನೀರು ತಿಳಿಯಾಗುವುದಿಲ್ಲ. ಇದನ್ನು ಅಳೆಯಲು ಷಿಕಾಗೋದ ಮೋಲ್‌ಮನ್ 1934ರಲ್ಲಿ ಒಂದು ಸೂಚ್ಯಂಕ ಕೊಟ್ಟರು. ಒಂದು ಲೀಟರ್‌ನ ಅಳತೆ ಗಾಜಿನಲ್ಲಿ ಕೆಸರುನೀರು ತುಂಬಿ 30 ನಿಮಿಷ ಅಲುಗಾಡಿಸದೆ ಬಿಡಬೇಕು. ಕಂದು ಕೆಸರು ಮೆಲ್ಲಗೆ ಕುಸಿದು, ಮೇಲೆ ತಿಳಿನೀರು ನಿಲ್ಲುತ್ತದೆ. ಕೆಸರು 300 ಮಿ.ಲೀ. ಗೆರೆಗೆ ಇಳಿದಿದ್ದು, ಅದರಲ್ಲಿ 3 ಗ್ರಾಂ ಘನಾಂಶವಿದ್ದರೆ ಸೂಚ್ಯಂಕ 300÷3, ಅಂದರೆ 100; ಘಟಕ ಆರೋಗ್ಯವಾಗಿದೆ. ಅಷ್ಟೇ ಘನಾಂಶವಿದ್ದೂ 600ರ ಗೆರೆಯಲ್ಲೇ ನಿಂತರೆ ಸೂಚ್ಯಂಕ 200. ಎಳೆಯಂಥ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದು ಕೆಸರು ಉಬ್ಬಿದಾಗ ಹೀಗಾಗುತ್ತದೆ. 1952ರಲ್ಲಿ ಕಿಂಚ್ ಈ ಕುಸಿತಕ್ಕೆ ಗಣಿತದ ಆಧಾರ ಒದಗಿಸಿದ ಮೇಲೆ, ತಿಳಿಗೊಳಿಸುವ ತೊಟ್ಟಿಗಳ ವಿನ್ಯಾಸ ಅಂದಾಜಿನಿಂದ ಲೆಕ್ಕಕ್ಕೆ ಬಂತು.

ಹರಿವು ಮತ್ತು ಸೋಸುವಿಕೆ

ದಪ್ಪ ಕೆಸರು ನೀರಿನಂತೆ ಹರಿಯದು. ಒಂದು ಮಟ್ಟದ ಒತ್ತಡ ಬೀಳುವವರೆಗೆ ಕದಲುವುದೇ ಇಲ್ಲ ಎಂಬುದನ್ನು ಇಲಿನಾಯ್‌ನ ಬ್ಯಾಬಿಟ್ ಮತ್ತು ಕಾಲ್ಡ್‌ವೆಲ್ 1939ರಲ್ಲಿ ಪೈಪುಗಳಲ್ಲಿ ಅಳೆದು ತೋರಿಸಿದರು. ನೀರಿನ ಲೆಕ್ಕದಲ್ಲಿ ಕೊಂಡ ಪಂಪು ಕೆಸರಿನೆದುರು ಸೋಲುವುದು ಇದೇ ಕಾರಣಕ್ಕೆ.

ಸೋಸುವಾಗಿನ ತೊಡಕು ಬೇರೆ. ಕೆಸರಿನ ನೀರಿನಲ್ಲಿ ಒಂದು ಪಾಲು ಬಿಡಿಯಾಗಿ ನಿಂತಿರುತ್ತದೆ, ಒಂದು ಪಾಲು ಕಣಗಳ ಸಂದಿಯಲ್ಲಿ ಸಿಕ್ಕಿರುತ್ತದೆ. ಇನ್ನೊಂದು ಕಣಗಳ ಮೈಗೆ ಅಂಟಿರುತ್ತದೆ, ಕೊನೆಯದು ಒಳಗೇ ಬಂಧಿಯಾಗಿರುತ್ತದೆ. ಮೊದಲನೆಯದು ತಾನಾಗಿ ಬಸಿಯುತ್ತದೆ. ಕೊನೆಯದನ್ನು ಬಿಡಿಸಲು ಶಾಖವೇ ಬೇಕು. 1956ರಲ್ಲಿ ಕೋಕ್ಲಿ ಮತ್ತು ಜೋನ್ಸ್ ಸೋಸುವಿಕೆಗೆ ಕೆಸರು ಒಡ್ಡುವ ಪ್ರತಿರೋಧವನ್ನು ಅಳೆದರು. 1968ರಲ್ಲಿ ಬಾಸ್ಕರ್‌ವಿಲ್ ಮತ್ತು ಗೇಲ್, ಸೋಸುಕಾಗದ ಕೆಸರಿನಿಂದ ನೀರು ಹೀರುವ ವೇಗವನ್ನು ಸೆಕೆಂಡುಗಳಲ್ಲಿ ಎಣಿಸುವ ಸರಳ ಪರೀಕ್ಷೆ ರೂಪಿಸಿದರು. ಇವುಗಳಿಂದ ತಿಳಿದ ದೊಡ್ಡ ಪಾಠವೆಂದರೆ, ಕೆಸರನ್ನು ಹೆಚ್ಚು ಒತ್ತಿದಷ್ಟೂ ಅದರ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಮೊದಲು ರಂಧ್ರ ಉಳಿಸಬೇಕು, ಆಮೇಲೆ ಒತ್ತಬೇಕು.

ಭಾಲ್ಕಿ ತಾಲ್ಲೂಕಿನ ಹುಂಜಿಯ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಕೊಟ್ಟವರಿಗೆ ಕಬ್ಬಿನ ಹಾಲು ಸೋಸಿ ಉಳಿದ ಗಸಿ, ಅಂದರೆ ಪ್ರೆಸ್‌ಮಡ್, ಪರಿಚಿತ ಗೊಬ್ಬರ. ಸಕ್ಕರೆ ಉದ್ಯಮದಲ್ಲಿ ಕಬ್ಬಿನ ಹಾಲಿನ ಗಸಿಯನ್ನು ಸೋಸುವ ಮುನ್ನ ಕಬ್ಬಿನ ಸಿಪ್ಪೆಯ ಸಣ್ಣ ಪುಡಿ ಬೆರೆಸುವುದು ರಂಧ್ರ ಉಳಿಸುವ ಈ ತತ್ವದಿಂದಲೇ. ನಾರು ಸಂದಿ ಬಿಡಿಸುತ್ತದೆ, ರಸ ಹೊರಬರುತ್ತದೆ.

ನಮ್ಮದೇ ದಾರಿ

ಒಣ ಕಸ ಬೆರೆಸುವ ಇಂಥದೇ ಉಪಾಯವನ್ನು ಮಲತ್ಯಾಜ್ಯಕ್ಕೆ ಅನ್ವಯಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ. 1939ರಲ್ಲಿ ರೂಪುಗೊಂಡ ‘ಬೆಂಗಳೂರು ವಿಧಾನ’ದಲ್ಲಿ ಊರ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಮುಚ್ಚಲಾಗುತ್ತಿತ್ತು. ಕಸ ತೇವ ಹೀರುತ್ತಿತ್ತು, ಒಳಗಿನ ಕಾವು ರಾಶಿಯನ್ನು ಮಾಗಿಸುತ್ತಿತ್ತು, ತಿಂಗಳುಗಳ ಬಳಿಕ ಗೊಬ್ಬರ ಸಿದ್ಧ. ಆದರೆ ಆ ಮಲವನ್ನು ಹೊತ್ತವರು ಮನುಷ್ಯರು. ಆ ಅನ್ಯಾಯವನ್ನು ತಡೆಯಲೆಂದೇ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಬಂತು. 2015ರಲ್ಲಿ ದೇವನಹಳ್ಳಿಯಲ್ಲಿ ಯಂತ್ರ ತಂದ ಕೆಸರನ್ನು ಕೊಳೆಸಿ, ಮರಳು ಹಾಸಿನ ಮೇಲೆ ಒಣಗಿಸಿ, ಊರಿನ ಹಸಿ ಕಸದೊಂದಿಗೆ ಗೊಬ್ಬರ ಮಾಡುವ ಘಟಕ ಆರಂಭವಾಯಿತು. 2017ರಲ್ಲಿ ಮಲತ್ಯಾಜ್ಯ ನಿರ್ವಹಣೆಗೆ ರಾಷ್ಟ್ರೀಯ ನೀತಿ ಬಂದಿತು.

ಬೀದರ್‌ನ ನೆಲದಲ್ಲಿ

ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದು ನೀರು ಇಂಗಿಸುತ್ತದೆ; ಬಹಮನಿ ಕಾಲದ ನೌಬಾದ್ ಸುರಂಗ ಬಾವಿಗೆ ನೀರು ಬಂದದ್ದೇ ಹಾಗೆ. ಅದೇ ದಾರಿಯಲ್ಲಿ ಗುಂಡಿಗಳ ಕೊಳಚೆಯೂ ಬಾವಿ ಸೇರಬಲ್ಲದು. ಭಾಲ್ಕಿ, ಔರಾದ್ ಕಡೆಯ ಎರೆ ಭೂಮಿಯ ಸ್ವಭಾವ ಇದಕ್ಕೆ ವಿರುದ್ಧ. ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣು ಮಳೆಗೆ ಉಬ್ಬಿ ನೀರು ಇಂಗಲು ಬಿಡದು; ಇಂಗುಗುಂಡಿ ತುಂಬಿ ನಿಲ್ಲುತ್ತದೆ. ಹೀಗಾಗಿ ಒಂದೇ ಜಿಲ್ಲೆಯಲ್ಲಿ, ಒಂದೇ ವರ್ಷದಲ್ಲಿ ಕೆಸರಿನ ದಪ್ಪ ಬದಲಾಗುತ್ತದೆ.

ಬೇಸಿಗೆಯ ಬಿಸಿಲು ಈ ಭಾಗದ ದೊಡ್ಡ ಆಸ್ತಿ. 20ರಿಂದ 30 ಸೆಂ.ಮೀ. ದಪ್ಪಕ್ಕೆ ಹರಡಿದ, ಚೆನ್ನಾಗಿ ಕೊಳೆತ ಕೆಸರು ಮರಳು ಹಾಸಿನ ಮೇಲೆ ಕರೆಂಟ್ ಇಲ್ಲದೆಯೇ ಒಣಗುತ್ತದೆ. ಸಾರ್ವಜನಿಕ ಶೌಚಾಲಯದ ತಾಜಾ ಕೆಸರು ಮಾತ್ರ ಅಷ್ಟು ಸುಲಭವಾಗಿ ನೀರು ಬಿಡದು. ಅದಕ್ಕೆ ಮೊದಲು ಕೊಳೆಯುವ ಅವಧಿ ಬೇಕು. ಮಳೆಗಾಲಕ್ಕೆ ಹಾಸಿನ ಮೇಲೆ ಬೆಳಕು ಬಿಡುವ ಚಾವಣಿಯೂ ಬೇಕು.

ಯಂತ್ರ ಮಾರುವವರ ಪಟ್ಟಿ ನೋಡಿ ಘಟಕ ಆರಿಸುವ ಪದ್ಧತಿ ನಿಲ್ಲಬೇಕು. ಒಂದು ಅಳತೆ ಗಾಜು, ಒಂದು ತಕ್ಕಡಿ, ಒಂದು ಒಣಗಿಸುವ ಒಲೆ ಇದ್ದರೆ ಯಾವ ಕಾಲೇಜಿನ ಪ್ರಯೋಗಾಲಯವೂ ತಿಂಗಳಿಗೊಮ್ಮೆ ಊರಿನ ಕೆಸರನ್ನು ಅಳೆದು ದಾಖಲಿಸಬಹುದು. ಬೀದರ್, ಭಾಲ್ಕಿ, ಔರಾದ್‌ನ ಸ್ಥಳೀಯ ಸಂಸ್ಥೆಗಳು ಟೆಂಡರ್ ಕರೆಯುವ ಮುನ್ನ ಒಂದು ವರ್ಷದ ಇಂಥ ದಾಖಲೆಯನ್ನು ಕೈಯಲ್ಲಿಟ್ಟುಕೊಳ್ಳಲಿ. ನಾಗರಿಕರೂ ಅದನ್ನು ಕೇಳಿ ಪಡೆಯಲಿ.